ನಲವತ್ತು ಸೆಂಟ್ ಮಳೆ

ಮಾರ್ಚ್ ತಿಂಗಳಲ್ಲಿ ಕೊಡಗಿನವರ ಯಾವ ವಾಟ್ಸಾಪ್ ಗ್ರೂಪ್ ತೆರೆದರೂ ಒಂದೇ ಸುದ್ದಿ. ಅಮ್ಮತ್ತಿ 60 ಸೆಂಟ್. ಪಾಲಿಬೆಟ್ಟ 1 ಇಂಚು 10 ಸೆಂಟ್. ಗೋಣಿಕೊಪ್ಪ ಬರೀ ಗುಡುಗು. ನಮ್ಮ ಮನೆಯವರ ಗ್ರೂಪಿನಲ್ಲೂ ಅಷ್ಟೇ. ಈ ಸಲ ಮೊದಲ ಮಳೆ ಬಿದ್ದ ಸಂಜೆ ನಾನೂ "ನಮ್ಮಲ್ಲಿ 40 ಸೆಂಟ್" ಅಂತ ಹಾಕಿದೆ. ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಭಾವನ ಫೋನು. "ಯಾರು ಮಾರ್ತಿರೋದು? ರೋಡ್ ಸೈಡಾ? ರೇಟ್ ಎಷ್ಟು ಹೇಳ್ತಾರೆ?" ಅವರು ಬಹಳ ದಿನದಿಂದ ಈ ಕಡೆ ಒಂದು ಸಣ್ಣ ಜಾಗ ಹುಡುಕುತ್ತಿದ್ದಾರೆ. ಅವರ ಕಿವಿಗೆ ಸೆಂಟ್ ಅಂದರೆ ಭೂಮಿ, ಮುಗೀತು.

ಗುಂಟೆ ಲೆಕ್ಕದ ಊರಿನವರಿಗಾಗಿ ಒಂದು ಮಾತು. ನಮ್ಮ ಪಹಣಿಯಲ್ಲಿ ಇರುವುದು ಎಕರೆ ಮತ್ತು ಸೆಂಟ್. ನೂರು ಸೆಂಟಿಗೆ ಒಂದು ಎಕರೆ. ಮಳೆಗೂ ಅದೇ ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಏನೇ ಹೇಳಲಿ, ತೋಟದವರ ಬಾಯಲ್ಲಿ ಇಂಚು, ಸೆಂಟೇ. 40 ಸೆಂಟ್ ಭೂಮಿ ಅಂದರೆ 17,424 ಚದರ ಅಡಿ. ಒಂದು ಮನೆ, ನಾಲ್ಕು ರೂಮಿನ ಹೋಂಸ್ಟೇ, ಕಾರು ನಿಲ್ಲಿಸುವ ಜಾಗ, ಎಲ್ಲ ಆರಾಮಾಗಿ ಆದೀತು. 40 ಸೆಂಟ್ ಮಳೆ ಅಂದರೆ ಹತ್ತು ಮಿಲಿಮೀಟರು. ಅದರಲ್ಲಿ ರೊಬಸ್ಟಾ ಕಾಫಿಗೆ ಒಳ್ಳೆಯದೇನೂ ಆಗುವುದಿಲ್ಲ. ಹೂ ಸರಿಯಾಗಿ ಅರಳಬೇಕಾದರೆ ಒಂದು ಇಂಚಾದರೂ ಬೇಕು. ಅರೆಬರೆ ಮಳೆಗೆ ಮೊಗ್ಗು ಎಚ್ಚರಾಗಿ, ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಅಲ್ಲೇ ಒಣಗುತ್ತದೆ. ಹಾಗಾಗಿ ಇಂಥ ಮಳೆ ಬಿದ್ದ ಮರುದಿನ ಊರಿನವರ ಮುಖದಲ್ಲಿ ಖುಷಿಗಿಂತ ಗಡಿಬಿಡಿ ಜಾಸ್ತಿ. ಬಾಕಿ ಅರವತ್ತು ಸೆಂಟನ್ನು ಸ್ಪ್ರಿಂಕ್ಲರಿನಲ್ಲಿ ಕೊಡಬೇಕು.

ಭಾವನಿಗೆ ಇದನ್ನೆಲ್ಲ ಹೇಳಿ ನಕ್ಕು ಫೋನಿಟ್ಟೆ. ಆದರೆ ಆ ಸೆಂಟು ನನ್ನ ತಲೆಯಿಂದ ಇಳಿಯಲಿಲ್ಲ. ಮೂಲದಲ್ಲಿ ಅದು ಲ್ಯಾಟಿನ್ನಿನ ನೂರು. ಡಾಲರಿನ ನೂರನೇ ಭಾಗವೂ ಸೆಂಟ್. ಪರ್ಸೆಂಟಿನಲ್ಲಿ ಇರುವುದೂ, ಸೆಂಚುರಿಯಲ್ಲಿ ಇರುವುದೂ ಅದೇ. ಮದುವೆಗೆ ಹೊರಟವರು ಹೊಡ್ಕೊಳ್ಳೋ ಸೆಂಟು ಮಾತ್ರ ಬೇರೆ. ಅದರ ಇಂಗ್ಲಿಷ್ ಕಾಗುಣಿತವೇ ಬೇರೆ, ಕನ್ನಡಕ್ಕೆ ಬರುವಾಗ ಎರಡೂ ಒಂದೇ ಬಟ್ಟೆ ತೊಟ್ಟುಕೊಂಡಿವೆ. ಇಷ್ಟೆಲ್ಲ ಇದ್ದರೂ ಇಷ್ಟು ವರ್ಷ ನಮ್ಮ ಊರಿನಲ್ಲಿ ಯಾರಿಗೂ ಗೊಂದಲ ಆದದ್ದು ನಾನು ನೋಡಿಲ್ಲ. ಮೋಡ ನೋಡಿಕೊಂಡು ಹೇಳಿದರೆ ಮಳೆ. ಬೇಲಿ ನೋಡಿಕೊಂಡು ಹೇಳಿದರೆ ಜಾಗ. ಭಾವನ ಹತ್ತಿರ ಮೋಡವೂ ಇರಲಿಲ್ಲ, ಬೇಲಿಯೂ ಇರಲಿಲ್ಲ. ಮೊಬೈಲಿನ ಮೇಲೆ ಒಂದು ಸಾಲು ಇತ್ತು, ಅಷ್ಟೇ.

ಸುಲಭ ಅಂತ ಬಿಟ್ಟುಬಿಟ್ಟ ಪದಗಳು

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಸುತ್ತಲಿನ ಕೆಲವು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಟ್ಯೂಷನ್ ಅನ್ನುವಷ್ಟು ದೊಡ್ಡದೇನಲ್ಲ, ಸುಮ್ನೆ. ಅವರ ಪುಸ್ತಕದಲ್ಲಿ ಪಾಠದ ಕೊನೆಗೆ ಕಠಿಣ ಪದಗಳ ಪಟ್ಟಿ ಇರುತ್ತದೆ. ಫೋಟೋಸಿಂಥೆಸಿಸ್, ಆರ್ಕಿಯಾಲಜಿ, ಮ್ಯಾಗ್ನಿಫಿಸೆಂಟ್. ಈ ಪಟ್ಟಿಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಫೋಟೋಸಿಂಥೆಸಿಸ್ ಬರೆಯಲು ಕಷ್ಟ, ಒಪ್ಪೋಣ. ಆದರೆ ಅದಕ್ಕೆ ಇರುವುದು ಒಂದೇ ಅರ್ಥ. ಮಡಿಕೇರಿಯಲ್ಲೂ ಅದೇ, ಮ್ಯಾಂಚೆಸ್ಟರಿನಲ್ಲೂ ಅದೇ. ಒಮ್ಮೆ ಕಲಿತರೆ ಸಾಯುವ ತನಕ ಸಾಕು. ತಾಪತ್ರಯ ಇರುವುದು ಆ ಪಟ್ಟಿಗೆ ಯಾವತ್ತೂ ಬಾರದ ಪುಟಾಣಿ ಪದಗಳಲ್ಲಿ. ಗೆಟ್, ಪುಟ್, ಸೆಟ್, ರನ್, ಟೇಕ್. ಇವನ್ನು ಒಂದನೇ ಕ್ಲಾಸಿನಲ್ಲೇ ಕಲಿಸಿ ಕೈತೊಳೆದುಕೊಂಡಿರುತ್ತಾರೆ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ ಬಂದದ್ದು 1989ರಲ್ಲಿ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ತಿಂದ ಪದ 'ಸೆಟ್'. 430 ಅರ್ಥ ಕೊಟ್ಟಿದ್ದರು. ಆ ಒಂದು ಪದವನ್ನು ವಿವರಿಸಲು ಸುಮಾರು 60 ಸಾವಿರ ಪದ ಬೇಕಾಯಿತು. ಆಮೇಲಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿತು. ಬರೀ ಕ್ರಿಯಾಪದವಾಗಿಯೇ 645 ಅರ್ಥ. ಅದನ್ನು ವಿಂಗಡಿಸಲು ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಒಂಬತ್ತು ತಿಂಗಳು ಕೂತರು. ಕಾಲಿರುವವರು ಓಡುತ್ತಿದ್ದ ಕಾಲದಿಂದಲೂ ಆ ಪದ ಇದೆ. ಆಮೇಲೆ ನೀರು ಓಡಿತು, ಯಂತ್ರ ಬಂದ ಮೇಲೆ ಮಿಲ್ಲು ಓಡಿತು, ಬಸ್ಸು ಓಡಿತು, ಅಂಗಡಿ ಓಡಿತು, ಈಗ ಮೊಬೈಲಿನೊಳಗೆ ಆ್ಯಪ್ ಓಡುತ್ತಿದೆ. ಪ್ರತಿಯೊಂದಕ್ಕೂ ಹೊಸ ಪದ ಹುಟ್ಟಿಸುವ ಬದಲು ಇರುವ ಪದದ ತಲೆ ಮೇಲೇ ಹೊರೆ ಏರಿಸುತ್ತಾ ಹೋದರು.

ಸಿ.ಕೆ. ಆಗ್ಡೆನ್ ಅನ್ನುವವರು 1930ರಲ್ಲಿ ಬೇಸಿಕ್ ಇಂಗ್ಲಿಷ್ ಅಂತ ಒಂದು ಯೋಜನೆ ತಂದರು. 850 ಪದ ಕಲಿತರೆ ಸಾಕು, ದಿನನಿತ್ಯದ ಎಲ್ಲ ವ್ಯವಹಾರ ನಡೆಯುತ್ತದೆ ಅನ್ನುವ ಲೆಕ್ಕಾಚಾರ. ಅದರಲ್ಲಿ ಕ್ರಿಯಾಪದಗಳು ಹದಿನೆಂಟೇ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಕ್ರಿಯಾಪದ ಕಮ್ಮಿ ಆದಷ್ಟೂ ಉಳಿದವು ಜಾಸ್ತಿ ದುಡಿಯಬೇಕಾಗುತ್ತದೆ. ಪುಟ್ ಒಂದೇ ಪದ. ಅದರ ಹಿಂದೆ ಅಪ್ ಬಂದರೆ ಒಂದು, ಆಫ್ ಬಂದರೆ ಇನ್ನೊಂದು, ಅಪ್ ವಿತ್ ಬಂದರೆ ಸಹಿಸಿಕೊಳ್ಳುವುದು. ಸಹಿಸಿಕೊಳ್ಳುವುದಕ್ಕೂ ಇಡುವುದಕ್ಕೂ ಏನು ಸಂಬಂಧ ಅಂತ ಏಳನೇ ಕ್ಲಾಸಿನ ಹುಡುಗಿ ಕೇಳಿದರೆ ನಾನು ಏನು ಹೇಳಲಿ? ಪಟ್ಟಿ ಚಿಕ್ಕದಾಯಿತು, ಹೊರೆ ಚಿಕ್ಕದಾಗಲಿಲ್ಲ.

ಇದು ಇಂಗ್ಲಿಷಿನವರದ್ದು ಮಾತ್ರ ಕಥೆಯಲ್ಲ. ನಮ್ಮ ಕಟ್ಟು, ಹೊಡಿ, ಹಿಡಿ, ಬಿಡು ತಗೊಳ್ಳಿ. ಮನೆ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಸಾಲ ಕಟ್ಟುತ್ತೇವೆ, ಮಳೆಗಾಲದಲ್ಲಿ ಮೂಗು ಕಟ್ಟುತ್ತದೆ. ತೋಟಕ್ಕೆ ಔಷಧಿ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಮಧ್ಯಾಹ್ನ ಒಂದು ನಿದ್ದೆ ಹೊಡೆಯುತ್ತೇವೆ. ಇಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ.

ಸೆಟ್ಟಿನ ವಿಷಯ ಬಂತಲ್ಲ, ಸಿದ್ದಾಪುರದ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಕೇಳಿದ ಮಾತು ಹೇಳಬೇಕು. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು. ಒಬ್ಬರ ಮುಖ ಬಾಡಿತ್ತು. "ಪಂಪ್‌ಸೆಟ್ ಕೈಕೊಡ್ತು. ಬೇರೆಯವರ ಸ್ಪ್ರಿಂಕ್ಲರ್ ಸೆಟ್ ತಂದೆ, ನಮ್ಮ ಪೈಪಿಗೆ ಅದು ಸೆಟ್ ಆಗ್ಲಿಲ್ಲ. ಹೂ ಏನೋ ಬಿಡ್ತು. ಇನ್ನು ಬ್ಯಾಕಿಂಗ್ ಬರ್ದೆ ಹೋದ್ರೆ ಎಲ್ಲಿ ಸೆಟ್ ಆಗ್ತದೆ?" ಅಷ್ಟರಲ್ಲಿ ಸಪ್ಲೈಯರ್ ಬಂದು, "ಇನ್ನೊಂದು ಸೆಟ್ ಕೊಡ್ಲಾ?" ಅಂದ. "ಕೊಡು, ಪಲ್ಯ ಜಾಸ್ತಿ ಹಾಕು" ಅಂದರು. ಒಂದು ನಿಮಿಷದಲ್ಲಿ ಐದು ಸೆಟ್. ಯಾರೂ ತಡವರಿಸಲಿಲ್ಲ, ಯಾರೂ "ಯಾವ ಸೆಟ್?" ಅಂತ ಕೇಳಲಿಲ್ಲ. ಬ್ಯಾಕಿಂಗ್ ಅಂದರೆ ಹೂಮಳೆ ಆಗಿ ಎರಡು ಮೂರು ವಾರಕ್ಕೆ ಬರಬೇಕಾದ ಮಳೆ. ಅದು ಬಂದರೆ ಹೂವಿನ ಬುಡದಲ್ಲಿ ಕಾಯಿ ನಿಲ್ಲುತ್ತದೆ. ಈ ಕಾಯಿ ನಿಲ್ಲುವ ಸೆಟ್ ಹಳೇ ಇಂಗ್ಲಿಷಿನದು, ಇಡು, ಕೂರಿಸು ಅನ್ನುವ ಕಡೆಯದು. ದೋಸೆಯ ಸೆಟ್, ಪಂಪಿನ ಸೆಟ್ ಮಾತ್ರ ಬಹುಪಾಲು ಲ್ಯಾಟಿನ್ನಿನ ಸೆಕ್ಟಾದಿಂದ ಫ್ರೆಂಚ್ ದಾರಿ ಹಿಡಿದು ಬಂದದ್ದು. ಪಂಥ ಅನ್ನುವ ಅರ್ಥದ ಸೆಕ್ಟ್‌ಗೆ ದಾಯಾದಿ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಒಕ್ಕದವರು, ಅಂದರೆ ಬೇರೆ ಬೇರೆ ಮನೆತನದವರು ಆಗಿರುತ್ತಾರಲ್ಲ, ಹಾಗೆ. ನಮ್ಮ ಹೋಟೆಲಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು.

ಲೈನು

ನಾನು ಪ್ರೈಮರಿಯಲ್ಲಿದ್ದಾಗಿನ ಮಾತು. ಇಂಗ್ಲಿಷ್ ಪೀರಿಯಡ್. ಬೋರ್ಡಿನ ಮೇಲೆ ಟೀಚರ್ ನಾಲ್ಕು ಪದ ಬರೆದು, ಒಬ್ಬೊಬ್ಬರಾಗಿ ಎದ್ದು ವಾಕ್ಯ ಮಾಡಿ ಅಂದರು. ಲೈನ್ ಅನ್ನುವ ಪದ ನಮ್ಮ ಸಾಲಿಗೆ ಬಂತು. ಮುಂದಿನ ಬೆಂಚಿನವಳು "ಐ ಡ್ರಾ ಎ ಲೈನ್" ಅಂದಳು. ಗುಡ್. ನಾನು "ವಿ ಸ್ಟ್ಯಾಂಡ್ ಇನ್ ಎ ಲೈನ್" ಅಂದೆ. ಗುಡ್. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ತೋಟದ ಕೆಲಸದವರ ಮಗ. ಕೊಯ್ಲಿನ ಸಮಯದಲ್ಲಿ ರಜೆ ದಿನ ಅಮ್ಮನ ಜೊತೆ ಹೋಗಿ ಕಾಫಿ ಕುಯ್ದು ಅವನ ಬೆರಳ ತುದಿ ಕಪ್ಪಗಾಗಿರುತ್ತಿತ್ತು. ಅವನು ಎದ್ದು, ಬೆಂಚು ಹಿಡಿದುಕೊಂಡು, ಗಟ್ಟಿಯಾಗಿ ಹೇಳಿದ: "ಐ ಲಿವ್ ಇನ್ ಲೈನ್." ಟೀಚರ್ ನಕ್ಕರು. "ಸಾಲಿನಲ್ಲಿ ವಾಸ ಮಾಡೋಕೆ ನೀನೇನು ಇರುವೆಯಾ?" ಇಡೀ ಕ್ಲಾಸು ನಕ್ಕಿತು. ಅವನು ಕೂತ. ಮುಂದಿನ ಪದಕ್ಕೆ ಹೋದರು.

ಟೀಚರ್ ಹೊರಗಿನ ಊರಿನವರು, ಅವರಿಗೆ ಲೈನ್ ಮನೆ ಗೊತ್ತಿರಲಿಲ್ಲ ಅಂದುಕೊಳ್ಳೋಣ. ನಮಗೆ ಗೊತ್ತಿತ್ತಲ್ಲ. ನಮ್ಮಲ್ಲಿ ಅರ್ಧ ಜನ ದಿನಾ ಆ ಲೈನಿನ ಮುಂದೆಯೇ ಹಾದು ಶಾಲೆಗೆ ಬರುತ್ತಿದ್ದೆವು. ಒಂದೇ ಉದ್ದನೆಯ ಮಾಡು, ನಡುವೆ ಗೋಡೆ ಎಬ್ಬಿಸಿ ಮಾಡಿದ ಒಂದೊಂದು ಕೋಣೆ, ಮುಂದೆ ಎಲ್ಲರಿಗೂ ಸೇರಿದ ಜಗಲಿ, ಕೊನೆಗೆ ಒಂದು ನಲ್ಲಿ. ಆದರೂ ನಕ್ಕೆವು. ಪುಸ್ತಕದಲ್ಲಿ ಇರುವ ಲೈನು ಇಂಗ್ಲಿಷು, ತೋಟದಲ್ಲಿ ಇರುವ ಲೈನು ಏನೋ ನಮ್ಮ ಕಡೆಯ ಗಾವಿಲ ಮಾತು ಅನ್ನುವ ಭಾವನೆ ಎಲ್ಲರಿಗೂ ಇತ್ತು.

ನಿಜ ಹೇಳಬೇಕೆಂದರೆ ಆ ದಿನ ಕ್ಲಾಸಿನಲ್ಲಿ ಎಲ್ಲಕ್ಕಿಂತ ಸೊಗಸಾದ ವಾಕ್ಯ ಅವನದೇ. ಒಂದು ಸಣ್ಣ 'ದ', ಕೊನೆಗೆ ಒಂದು 'ಸ್' ಸೇರಿಸಿದ್ದರೆ ಅದು ಅಪ್ಪಟ ಇಂಗ್ಲಿಷ್. ಬ್ರಿಟಿಷ್ ಸೈನ್ಯದಲ್ಲಿ ಸಿಪಾಯಿಗಳ ಗುಡಾರ, ಗುಡಿಸಲುಗಳ ಸಾಲಿಗೆ ಲೈನ್ಸ್ ಅನ್ನುತ್ತಿದ್ದರು. ದೆಹಲಿಯ ಸಿವಿಲ್ ಲೈನ್ಸ್, ಊರೂರಿನ ಪೊಲೀಸ್ ಲೈನ್ಸ್ ಎಲ್ಲ ಅದೇ ಮಾತಿನವು. ಅದೇ ಪದ ತೋಟಗಳಿಗೂ ಬಂತು. ಶ್ರೀಲಂಕಾದ ಚಹಾ ತೋಟದಲ್ಲಿ ಲೈನ್ ರೂಮು. ಅಸ್ಸಾಮಿನ ಚಹಾ ತೋಟದಲ್ಲೂ ಲೈನು. ಈಗ ನಮ್ಮಲ್ಲಿ ಕೆಲಸಕ್ಕೆ ಅಸ್ಸಾಮಿನವರೇ ಜಾಸ್ತಿ. ಹೊಸದಾಗಿ ಬಂದವರಿಗೆ ಕನ್ನಡ ಬರುವುದಿಲ್ಲ, ಕೊಡವ ತಕ್ಕ್ ಬರುವುದಿಲ್ಲ, ಇಲ್ಲಿನವರಿಗೆ ಅವರ ಮಾತು ತಿಳಿಯುವುದಿಲ್ಲ. ಆದರೆ ಬ್ಯಾಗು ಹೊತ್ತು ನಿಂತವರಿಗೆ ಕೈ ತೋರಿಸಿ "ಲೈನ್" ಅಂದರೆ ಸಾಕು, ನೇರ ಅತ್ತ ನಡೆಯುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಲೈನ್ ಅಂದರೆ ದಾರ. ಅಗಸೆ ನಾರಿಗೆ ಲ್ಯಾಟಿನ್ನಿನಲ್ಲಿ ಲೀನುಮ್. ಅದರಿಂದ ಲಿನನ್ ಬಟ್ಟೆ, ಅದರಿಂದಲೇ ಲೈನು. ದಾರ ಬಿಗಿಯಾಗಿ ಹಿಡಿದರೆ ನೇರ ಆಗುತ್ತದೆ, ಆ ನೇರವೇ ಆಮೇಲೆ ಗೆರೆಯಾಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ಹೊಸ ಗಿಡ ಹಾಕುವ ಕೆಲಸ. ಗುಂಡಿ ತೋಡುವ ಮೊದಲು ಇಬ್ಬರು ಹಗ್ಗದ ಎರಡು ತುದಿ ಹಿಡಿಯುತ್ತಾರೆ. ಹಗ್ಗದಲ್ಲಿ ಅಳತೆಗೆ ಸರಿಯಾಗಿ ಬಟ್ಟೆ ಚೂರು ಕಟ್ಟಿರುತ್ತದೆ. ಇಳಿಜಾರಿನಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ. "ಎಳಿ, ಇನ್ನೂ ಎಳಿ" ಅಂತ ಕೂಗು. ಮೂರನೆಯವನು ಪ್ರತಿ ಬಟ್ಟೆ ಚೂರಿನ ಕೆಳಗೆ ಗೂಟ ಹೊಡೆದುಕೊಂಡು ಹೋಗುತ್ತಾನೆ. ಈ ಕೆಲಸಕ್ಕೆ ತೋಟದಲ್ಲಿ ಲೈನಿಂಗ್ ಅನ್ನುತ್ತಾರೆ. ಶಾಲೆಯ ಸ್ಕೇಲು ಪೆನ್ಸಿಲಿಗಿಂತ ಎಷ್ಟೋ ಹಳೆಯ ಲೈನು ಅದು.

ಇವೆರಡರ ನಡುವೆ ಉಳಿದ ಲೈನುಗಳು. ಜೂನ್ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋದಾಗ ದೇವರಿಗಿಂತ ಹೆಚ್ಚು ನೆನೆಯುವುದು ಲೈನ್‌ಮ್ಯಾನನ್ನು. ಕಾಲೇಜು ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಹೊಡೆಯುವ ಲೈನು ಇನ್ನೊಂದು. ರೈಲ್ವೆ ಲೈನ್ ಮಾತ್ರ ಇಲ್ಲ, ಕೊಡಗಿಗೆ ಇನ್ನೂ ರೈಲು ಬಂದಿಲ್ಲ. ಬರಬೇಕೋ ಬೇಡವೋ ಅಂತ ಶುರು ಮಾಡಿದರೆ ಈ ಬರಹ ಬೇರೆ ಕಡೆ ಹೋಗುತ್ತದೆ, ಬಿಡಿ.

(ತೋಟದ ಇನ್ನೊಂದು ಪದ ರೈಟರ್. ಹಾಜರಿ ಬರೆಯುವವರು, ವಾರದ ಲೆಕ್ಕ ನೋಡುವವರು. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರನ್ನೂ ರೈಟರ್ ಅಂತಲೇ ಕರೆಯುತ್ತಿದ್ದರು, ಕೊಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಹೆಸರು ಅವರದ್ದೇ. ನಾನು ಅಲ್ಲಿ ಇಲ್ಲಿ ಬರೆಯುವ ವಿಷಯ ತಿಳಿದು ನೆರೆಮನೆಯ ಅಜ್ಜಿಗೆ ಯಾರೋ "ಅವರು ರೈಟರ್" ಅಂದರಂತೆ. ಅಜ್ಜಿ ಬಂದು ಕೇಳಿದ್ದು: "ಯಾವ ತೋಟದಲ್ಲಿ? ಸಂಬಳ ಸರಿಯಾಗಿ ಕೊಡ್ತಾರಾ?")

ಸೇತುವೆ ಆಚೆ, ಈಚೆ

ರೇಂಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲಿಗೆ ರೇಂಜ್ ಇಲ್ಲ ಅನ್ನುವುದು ನಮ್ಮ ನಿತ್ಯದ ಗೋಳು. ಆನೆ ಬಂದರೆ ತಿಳಿಸಬೇಕಾದದ್ದು ಫಾರೆಸ್ಟ್ ರೇಂಜ್ ಆಫೀಸಿಗೆ. ಊರಿಗೊಬ್ಬರಾದರೂ ಇರುವ ರಿಟೈರ್ಡ್ ಸುಬೇದಾರರ ಬಾಯಲ್ಲಿ ಫೈರಿಂಗ್ ರೇಂಜ್. ಹೊಸ ಜೀಪು ತಗೊಂಡವನ ರೇಂಜೇ ಬೇರೆ. ಮೂಲದಲ್ಲಿ ಇದೂ ಸಾಲೇ, ರ‍್ಯಾಂಕ್ ಅನ್ನುವ ಪದದ ನೆಂಟ. ಬೆಟ್ಟದ ಸಾಲಿಗೆ ರೇಂಜ್ ಅನ್ನುವಾಗ ಆ ಹಳೆಯ ಅರ್ಥ ಕಾಣುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಕ್ಯೂರಿಂಗ್. ಕುಶಾಲನಗರದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಇವೆ. ಅಲ್ಲಿ ಕಾಫಿಯನ್ನು ಹದಕ್ಕೆ ಒಣಗಿಸಿ, ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರೆ ಮಾಡುತ್ತಾರೆ. ಕಾವೇರಿ ಸೇತುವೆ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು. ಅಲ್ಲಿ ಕ್ಯೂರಿಂಗ್ ಅಂದರೆ ಹೊಗೆಸೊಪ್ಪು. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಅನ್ನುವ ಒಣಗಿಸುವ ಮನೆಯೊಳಗೆ ತೂಗುಹಾಕಿ, ಬೆಂಕಿ ಕೊಟ್ಟು, ಹಸಿರು ಹೋಗಿ ಹಳದಿ ಬರುವ ತನಕ ಹಗಲು ರಾತ್ರಿ ಕಾಯುತ್ತಾರೆ. ಹೊಳೆಯ ಎರಡು ದಡ, ಎರಡು ಅರ್ಥ. ಇಲ್ಲಿಗೇ ಮುಗಿಯಲಿಲ್ಲ. ಮನೆ ಕಟ್ಟುವ ಮೇಸ್ತ್ರಿಯನ್ನು ಕೇಳಿ, ಕ್ಯೂರಿಂಗ್ ಅಂದರೆ ಮೋಲ್ಡ್ ಹಾಕಿದ ಮೇಲೆ ನೀರು ನಿಲ್ಲಿಸುವುದು. ಒಂದು ಕಡೆ ಒಣಗಿಸಿದರೆ ಕ್ಯೂರಿಂಗ್, ಇನ್ನೊಂದು ಕಡೆ ನೆನೆಸಿದರೆ ಕ್ಯೂರಿಂಗ್! ಮೊದಲು ಇದು ತಮಾಷೆ ಅನ್ನಿಸಿತು. ಕೂರಾ ಅಂದರೆ ಲ್ಯಾಟಿನ್ನಿನಲ್ಲಿ ಕಾಳಜಿ, ಆರೈಕೆ. ಕೆಡದೆ ಉಳಿಯುವಂತೆ ನೋಡಿಕೊಳ್ಳುವುದು. ಕಾಫಿ ಉಳಿಯಲು ನೀರು ಹೋಗಬೇಕು, ಸಿಮೆಂಟು ಉಳಿಯಲು ನೀರು ಇರಬೇಕು. ಕಾಯಿಲೆ ಕ್ಯೂರ್ ಮಾಡುವ ಡಾಕ್ಟರೂ ಅದೇ ಸಾಲಿಗೆ ಬಂದರು. ಇದನ್ನು ನಮ್ಮ ಮೇಸ್ತ್ರಿಗೆ ಹೇಳಿದೆ. ಅವರು ಬೀಡಿ ಹಚ್ಚಿಕೊಂಡು, "ಹೌದು, ಮಗು ತರ ನೋಡ್ಕೋಬೇಕು ಸರ್, ಇಲ್ಲಾಂದ್ರೆ ಬಿರುಕು" ಅಂದರು. ಆ ಬೀಡಿಯ ಎಲೆ, ಹೊಗೆಸೊಪ್ಪಿನ ಕ್ಯೂರಿಂಗ್ ಎಲ್ಲ ನೆನಪಿಗೆ ಬಂದು ಸುಮ್ಮನಾದೆ.

ಗೊಂದಲ ಆಗುವ ಜಾಗ ಯಾವುದು ಅಂದರೆ ಕಾಗದ ಮತ್ತು ಫೋನು. ಎದುರಿಗೆ ವಸ್ತು ಇಲ್ಲದ ಕಡೆ. ನಮ್ಮ ಪರಿಚಯದವರೊಬ್ಬರು ಹೋಂಸ್ಟೇ ಶುರು ಮಾಡಲು ಹೊರಟಿದ್ದರು. ಅಷ್ಟರಲ್ಲಿ ಜಾಗದ ಪಾಲಿನ ತಕರಾರು ಕೋರ್ಟಿಗೆ ಹೋಯಿತು, ಕಟ್ಟಡದ ಕೆಲಸಕ್ಕೆ ಸ್ಟೇ ಬಂತು. ನಂಬರ್ ಮಾತ್ರ ಆಗಲೇ ಇಂಟರ್‌ನೆಟ್ಟಿಗೆ ಹೋಗಿತ್ತು. ಶನಿವಾರ ಬಂದರೆ ಸಾಕು, "ಸರ್, ನಿಮ್ಮಲ್ಲಿ ಸ್ಟೇ ಇದೆಯಾ?" ಅಂತ ಫೋನು. ಇವರು ಸಿಟ್ಟಿನಲ್ಲಿ "ಇದೆ, ಎಷ್ಟು ದಿನ ಅಂತ ಜಡ್ಜ್ ಹೇಳಿಲ್ಲ" ಅನ್ನುತ್ತಿದ್ದರು. ಆಚೆ ಕಡೆಯವರಿಗೆ ಏನು ಅರ್ಥವಾಯಿತೋ. ಆ ಜಾಗದ ಮೂಲೆಯಲ್ಲಿ ಒಂದು ಲೈಟ್ ಕಂಬ ಇದೆ, ಅದನ್ನು ಎಳೆದು ಹಿಡಿದಿರುವ ತಂತಿಗೂ ಸ್ಟೇ ವೈರ್ ಅಂತಲೇ ಹೆಸರು. ಅದು ಹಡಗಿನ ಪಟಸ್ತಂಭದ ಹಗ್ಗದಿಂದ ಬಂದ ಬೇರೆಯೇ ಪದ. ಸದ್ಯಕ್ಕೆ ಆ ಜಾಗದಲ್ಲಿ ಯಾರ ತಕರಾರೂ ಇಲ್ಲದ ಸ್ಟೇ ಅದೊಂದೇ.

ಈಗ ಭಾನುವಾರ ಕಠಿಣ ಪದದ ಪಟ್ಟಿ ಬದಿಗಿಟ್ಟಿದ್ದೇವೆ. ಮನೆಯಲ್ಲಿ ಕೇಳಿದ ಒಂದು ಇಂಗ್ಲಿಷ್ ಪದ ತನ್ನಿ, ಯಾರು ಯಾವಾಗ ಹೇಳಿದರು ಅನ್ನುವುದನ್ನೂ ತನ್ನಿ ಅನ್ನುತ್ತೇನೆ. ಹೋದ ವಾರ ಚಾರ್ಜ್ ಬಂತು. ಮೊಬೈಲ್ ಚಾರ್ಜ್, ಬಸ್ ಚಾರ್ಜ್, ಹೆಡ್‌ಮಾಸ್ಟರ್ ರಜೆಯಲ್ಲಿದ್ದಾಗ ಇನ್‌ಚಾರ್ಜ್, ಟಿವಿಯಲ್ಲಿ ಚಾರ್ಜ್‌ಶೀಟ್. ಗಾಡಿಗೆ ಹೊರೆ ಹೇರುವುದು ಇದರ ಮೊದಲ ಅರ್ಥ, ಕಾರು, ಕಾರ್ಗೋ ಎಲ್ಲ ಇದರ ಬಳಗ ಅಂತ ನಾನು ಶುರು ಮಾಡಿದ್ದೆ. ಆರನೇ ಕ್ಲಾಸಿನವನೊಬ್ಬ ಕೈ ಎತ್ತಿದ. "ಸರ್, ನಮ್ಮ ಕೆರೆ ಹತ್ರ ಆನೆ ಚಾರ್ಜ್ ಮಾಡ್ತು. ಅಪ್ಪನ ಫೋನಲ್ಲಿ ಚಾರ್ಜ್ ಇರ್ಲಿಲ್ಲ." ಪಾಠ ಅಲ್ಲಿಗೆ ಮುಗಿಯಿತು. ಯಾವ ಆನೆ, ಒಂಟಿಯಾ, ಮರಿ ಇತ್ತಾ, ಅಪ್ಪ ಯಾವ ಮರ ಹತ್ತಿದರು, ಎಲ್ಲರಿಗೂ ಅದೇ ಬೇಕಾಯಿತು. ಗಲಾಟೆ ನಡುವೆ ಪುಟ್ಟ ಹುಡುಗಿಯೊಬ್ಬಳು ನನ್ನ ಅಂಗಿ ಎಳೆದು ಕೇಳಿದಳು: "ಹಾಗಾದ್ರೆ ಚಾರ್ಜ್‌ಶೀಟ್ ಆನೆ ಮೇಲೂ ಹಾಕ್ತಾರಾ?"